ಪೇಪರಿನಲ್ಲಿ ಏಳು ಹೆಸರು, ಸ್ಟ್ಯಾಂಡರ್ಡ್ ಹಾಕಿದವರು ಯಾರೂ ಇಲ್ಲ

ಕುಕ್ಕರಹಳ್ಳಿ_ವಾಕ್ · ಭಾನುವಾರ ರಾತ್ರಿ 9:40

ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ನಾನು ಮೈಸೂರಿನ ಒಂದು ಲ್ಯಾಬ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ನಾಲ್ಕನೇ ವರ್ಷ. ಯಾವ ಲ್ಯಾಬ್ ಅಂತ ಹೇಳುವುದಿಲ್ಲ, ದಯವಿಟ್ಟು ಯಾರೂ ಊಹೆ ಮಾಡಿ ಬರೆಯಬೇಡಿ. ಕೆಲಸ ರಾಗಿ ಮೇಲೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಮಾಲ್ಟ್ ಮಾಡಿದಾಗ ಅದರಲ್ಲಿರುವ ಪಾಲಿಫಿನಾಲ್ (ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕ) ಎಷ್ಟು ಇಳಿಯುತ್ತದೆ ಅಂತ ಅಳೆಯುವುದು.

ಅಳೆಯುವ ರೀತಿ ಗೊತ್ತಿಲ್ಲದವರಿಗೆ: ಹಿಟ್ಟಿನ ಸಾರ ತೆಗೆದು ಫೋಲಿನ್ ರಿಯೇಜೆಂಟ್ ಹಾಕಿದರೆ ನೀಲಿ ಬಣ್ಣ ಬರುತ್ತದೆ. ಎಷ್ಟು ನೀಲಿ ಅಂತ ಮೆಷಿನ್ 765 ನ್ಯಾನೋಮೀಟರ್‌ನಲ್ಲಿ ಓದುತ್ತದೆ. ಆದರೆ ಬರೀ ನೀಲಿಯಿಂದ ಏನೂ ಗೊತ್ತಾಗುವುದಿಲ್ಲ. ಗೊತ್ತಿರುವಷ್ಟು ಗ್ಯಾಲಿಕ್ ಆಸಿಡ್ ಹಾಕಿ, ಅದಕ್ಕೆ ಎಷ್ಟು ನೀಲಿ ಬಂತು ನೋಡಿ, ಒಂದು ಗೆರೆ ಎಳೆಯಬೇಕು. ಅದೇ ಸ್ಟ್ಯಾಂಡರ್ಡ್ ಕರ್ವ್. ಆ ಗೆರೆಯ ಸ್ಲೋಪ್‌ನಿಂದ ಭಾಗಿಸಿದರೆ ನಮ್ಮ ಉತ್ತರ.

ನಮ್ಮ ಗುಂಪಿನಲ್ಲಿ ಏಳು ಜನ. ಎಲ್ಲರಿಗೂ ಒಂದೇ ಎಕ್ಸೆಲ್ ಶೀಟ್. ಹಿಂದೆ ಇದ್ದ ಸೀನಿಯರ್ ಮಾಡಿಟ್ಟು ಹೋದದ್ದು. ಕಳೆದ ತಿಂಗಳು ಹೊಸದಾಗಿ ಸೇರಿದ ಹುಡುಗಿ, ಮಂಡ್ಯ ಕಡೆಯವಳು, ಬಂದು ಕೇಳಿದಳು: "ಅಕ್ಕ, ಈ ಸೆಲ್‌ನಲ್ಲಿ 0.0105 ಅಂತ ಕೈಯಲ್ಲೇ ಟೈಪ್ ಮಾಡಿದ್ದಾರೆ. ಇದು ಯಾವತ್ತಿನ ಕರ್ವ್?"

ಯಾರಿಗೂ ಗೊತ್ತಿಲ್ಲ. ನಾನು ಜೊತೆಯ ಸ್ಕಾಲರ್ ಸ್ಟ್ಯಾಂಡರ್ಡ್ ಹಾಕುತ್ತಾನೆ ಅಂದುಕೊಂಡಿದ್ದೆ, ಅವನು ನಾನು ಹಾಕುತ್ತೇನೆ ಅಂದುಕೊಂಡಿದ್ದ. ಅವತ್ತೇ ಇಬ್ಬರೂ ಕೂತು ಅದೇ ಹಳೆಯ ರಿಯೇಜೆಂಟ್ ಬಾಟಲಿಯಿಂದ ಸ್ಟ್ಯಾಂಡರ್ಡ್ ಹಾಕಿದೆವು. ಸ್ಲೋಪ್ 0.0086 ಬಂತು. ರಿಯೇಜೆಂಟ್ ಹಳೆಯದಾಗಿ ಬಣ್ಣ ಕಡಿಮೆ ಕೊಡುತ್ತಿದೆ, ನಾವು ಹೊಸ ಬಾಟಲಿಯ ನಂಬರ್‌ನಿಂದ ಭಾಗಿಸುತ್ತಿದ್ದೇವೆ. ಅಂದರೆ ನಮ್ಮ ಉತ್ತರ ನಿಜಕ್ಕಿಂತ ಸುಮಾರು 18 ಪರ್ಸೆಂಟ್ ಕಡಿಮೆ.

ಹಸಿ ರಾಗಿ ಅಳೆದದ್ದು ಬಾಟಲಿ ಹೊಸದಿದ್ದಾಗ. ಮಾಲ್ಟ್ ಅಳೆದದ್ದು ತಿಂಗಳುಗಳ ನಂತರ. ಹೀಗಾಗಿ "ಮಾಲ್ಟ್ ಮಾಡಿದರೆ ಪಾಲಿಫಿನಾಲ್ ಇಷ್ಟು ಇಳಿಯುತ್ತದೆ" ಅಂತ ನಾವು ಬರೆದದ್ದರಲ್ಲಿ ಒಂದಷ್ಟು ಇಳಿತ ರಾಗಿಯದಲ್ಲ, ಬಾಟಲಿಯದು. ಆ ಪೇಪರ್ ಪ್ರಕಟ ಆಗಿ ಎಂಟು ತಿಂಗಳಾಯ್ತು.

ಏಳು ಜನರ ಹೆಸರಿದೆ ಅದರಲ್ಲಿ. ಒಬ್ಬಳೇ ಮಾಡಿದ್ದರೆ ನಾನು ಖಂಡಿತ ಸ್ಟ್ಯಾಂಡರ್ಡ್ ಹಾಕುತ್ತಿದ್ದೆ. ಗುಂಪು ಇದ್ದರೆ ವಿಜ್ಞಾನ ಗಟ್ಟಿಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಲೂ ಆಗುತ್ತಾ? ನಿಮ್ಮ ಲ್ಯಾಬ್‌ಗಳಲ್ಲಿ ಹೇಗೆ? ಗೈಡ್‌ಗೆ ಇನ್ನೂ ಹೇಳಿಲ್ಲ. ಎರಡು ದಿನದಿಂದ ನಿದ್ದೆ ಇಲ್ಲ.

ಒಂಟಿಕೊಪ್ಪಲು_ಹುಡುಗ · 9:52

ನಮ್ಮಲ್ಲೂ ಇಂಥದ್ದೇ ಒಂದು ಶೀಟ್ ಇದೆ. ನಾಳೆ ಹೋದ ತಕ್ಷಣ ನೋಡುತ್ತೇನೆ.

ಭತ್ತದ_ಮಡಿ · 10:15

ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಅಂತ ನಮ್ಮ ಕಡೆ ಗಾದೆ. ಒಬ್ಬನೇ ಇದ್ದರೆ ಕೋಲು ಹುಡುಕುತ್ತಾನೆ. ಹತ್ತು ಜನ ಇದ್ದರೆ ಪಕ್ಕದವನು ಹೊಡೆಯುತ್ತಾನೆ ಅಂತ ನಿಂತಿರುತ್ತಾರೆ.

ಗೈಡ್‌ಗೆ ನಾಳೆಯೇ ಹೇಳಿ ಮಗಳೇ. ತಡ ಮಾಡಿದಷ್ಟೂ ಹೇಳುವುದು ಕಷ್ಟ.

ಬಲಮುರಿ_ಫಿಸಿಕ್ಸ್ · 10:31

ಒಂದು ಲ್ಯಾಬ್ ಎಡವಿತು ಅಂತ ಗುಂಪನ್ನೇ ಬೈಯುವುದು ಸರಿಯಲ್ಲ. ದೊಡ್ಡ ಗುಂಪು ಇಲ್ಲದಿದ್ದರೆ ಗುರುತ್ವ ಅಲೆ ಸಿಗುತ್ತಲೇ ಇರಲಿಲ್ಲ. ಆ ಅಲೆ ಹುಡುಕುವ ಲೈಗೋ ಯೋಜನೆಯಲ್ಲಿ ಸಾವಿರಕ್ಕೂ ಜಾಸ್ತಿ ಜನ ಇದ್ದರು. ಅವರು ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಂಡ ರೀತಿ ಕೇಳಿ.

2010ರ ಸೆಪ್ಟೆಂಬರ್‌ನಲ್ಲಿ ಡಿಟೆಕ್ಟರ್‌ನಲ್ಲಿ ಒಂದು ಒಳ್ಳೆಯ ಸಿಗ್ನಲ್ ಬಂತು. ತಿಂಗಳುಗಟ್ಟಲೆ ಎಲ್ಲರೂ ಸೇರಿ ಲೆಕ್ಕ ಮಾಡಿದರು, ಪೇಪರ್ ಕೂಡ ಬರೆದು ಮುಗಿಸಿದರು. 2011ರ ಮಾರ್ಚ್‌ನಲ್ಲಿ ಸಭೆಯಲ್ಲಿ ಲಕೋಟೆ ಒಡೆದರು. ಆ ಸಿಗ್ನಲ್ ನಿಜದ್ದಲ್ಲ. ಗುಂಪಿನ ಕೆಲವೇ ಜನ ಗುಟ್ಟಾಗಿ ಒಳಗೆ ಹಾಕಿದ್ದು. ಇಂಥದ್ದು ನಡೆಯಬಹುದು ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು, ಯಾವಾಗ ಅಂತ ಮಾತ್ರ ಗೊತ್ತಿರಲಿಲ್ಲ. ಅಷ್ಟು ಕಷ್ಟಪಟ್ಟವರು ಆಮೇಲೆ 2015ರ ಸೆಪ್ಟೆಂಬರ್ 14ರಂದು ನಿಜದ ಅಲೆ ಬಂದಾಗ ಕೂಡಲೇ ಕುಣಿಯಲಿಲ್ಲ. 2016ರ ಫೆಬ್ರವರಿ 11ರವರೆಗೆ ಪರೀಕ್ಷೆ ಮಾಡಿ ಆಮೇಲೆ ಹೇಳಿದರು.

ಹಿಗ್ಸ್ ಕಣವೂ ಅಷ್ಟೇ. ಅಟ್ಲಾಸ್, ಸಿಎಂಎಸ್ ಅಂತ ಎರಡು ಬೇರೆ ಬೇರೆ ಗುಂಪು, ಬೇರೆ ಬೇರೆ ಯಂತ್ರ. 2012ರ ಜುಲೈ 4ರಂದು ಎರಡೂ ಒಂದೇ ಮಾತು ಹೇಳಿದ್ದರಿಂದ ಜಗತ್ತು ನಂಬಿತು. ಒಬ್ಬನೇ ವಿಜ್ಞಾನಿ ರೂಮಿನಲ್ಲಿ ಕೂತು ಮಾಡುವ ಕಾಲ ಮುಗಿದಿದೆ.

ಚಾಮರಾಜಪುರಂ_ಗೇಟ್ · 10:44

@ಬಲಮುರಿ_ಫಿಸಿಕ್ಸ್ ಆಪೆರಾ ಪ್ರಯೋಗ ಮರೆತಿರಾ? ಅದೂ ನೂರಕ್ಕೂ ಹೆಚ್ಚು ಜನರ ಗುಂಪೇ. 2011ರ ಸೆಪ್ಟೆಂಬರ್‌ನಲ್ಲಿ ನ್ಯೂಟ್ರಿನೋ ಅನ್ನುವ ಸಣ್ಣ ಕಣ ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮೊದಲೇ ಬಂತು ಅಂದರು. ಜಿನೀವಾ ಹತ್ತಿರದ ಸರ್ನ್ ಲ್ಯಾಬ್‌ನಿಂದ ಇಟಲಿಯ ಗ್ರಾನ್ ಸಾಸೊಗೆ 730 ಕಿಲೋಮೀಟರ್ ಹಾದಿ. ಕೊನೆಗೆ ನೋಡಿದರೆ ಒಂದು ಆಪ್ಟಿಕಲ್ ಕೇಬಲ್ ಸರಿಯಾಗಿ ಕೂತಿರಲಿಲ್ಲ. ನೂರಾರು ಜೋಡಿ ಕಣ್ಣು ಇದ್ದು ಏನು ಬಂತು?

ಬಲಮುರಿ_ಫಿಸಿಕ್ಸ್ · 10:58

ಅದನ್ನು ಪೂರ್ತಿ ಹೇಳಿ. ಅವರು "ನಾವು ಐನ್‌ಸ್ಟೈನ್‌ನ ಸೋಲಿಸಿದೆವು" ಅಂತ ಹೇಳಲಿಲ್ಲ. ತಪ್ಪು ಎಲ್ಲಿದೆ ಅಂತ ನಮಗೆ ಸಿಗುತ್ತಿಲ್ಲ, ನೀವೂ ನೋಡಿ ಅಂದರು. ಗುಂಪಿನ ಕೆಲವರು ಮೊದಲ ಕರಡಿಗೆ ಹೆಸರು ಹಾಕಲು ಒಪ್ಪಲೇ ಇಲ್ಲ. ಅದೇ ಸುರಂಗದಲ್ಲಿದ್ದ ಇಕಾರಸ್ ಗುಂಪು ಬೇರೆಯಾಗಿ ಅಳೆದು ವೇಗ ಸರಿಯಾಗೇ ಇದೆ ಅಂತ ತೋರಿಸಿತು. ಆರು ತಿಂಗಳ ಆಸುಪಾಸಿನಲ್ಲಿ ವಿಷಯ ಮುಗಿಯಿತು.

ಚಾಮರಾಜಪುರಂ_ಗೇಟ್ · 11:03

ಅದನ್ನೇ ನಾನೂ ಹೇಳುತ್ತಿರುವುದು. ತಪ್ಪು ಹಿಡಿಯಲು ನೆರವಾದದ್ದು ಸಹಿ ಹಾಕದೆ ನಿಂತವರು ಮತ್ತು ಇನ್ನೊಂದು ಗುಂಪು. ಮುಖ್ಯಸ್ಥರು ಇಬ್ಬರು 2012ರ ಮಾರ್ಚ್‌ನಲ್ಲಿ ಹುದ್ದೆ ಬಿಟ್ಟರು, ಒಳಗೆ ಅಷ್ಟು ಅಸಮಾಧಾನ ಇತ್ತು. ಒಂದೇ ಗುಂಪಿನಲ್ಲಿ ಎಷ್ಟು ತಲೆ ಇದೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಬೇರೆ ಬೇರೆಯಾಗಿ ಎಷ್ಟು ಸಲ ಅಳೆದರು, ಅದು ಲೆಕ್ಕ.

ಭತ್ತದ_ಮಡಿ · ಸೋಮವಾರ ಬೆಳಿಗ್ಗೆ 6:20

ಗೇಟ್ ಅವರು ಹೇಳಿದ್ದನ್ನು ನಮ್ಮ ಕೃಷಿಯವರು ಬಹಳ ಹಿಂದೆಯೇ ಪದ್ಧತಿ ಮಾಡಿಕೊಂಡಿದ್ದಾರೆ. ನಾನು ಮೂವತ್ತು ವರ್ಷ ಭತ್ತದ ಟ್ರಯಲ್‌ಗಳಲ್ಲಿ ಕೆಲಸ ಮಾಡಿದವನು, ಈಗ ನಿವೃತ್ತ.

ಒಂದು ಹೊಸ ಭತ್ತದ ತಳಿ ಮಂಡ್ಯದಲ್ಲಿ ಚೆನ್ನಾಗಿ ಬಂತು ಅಂದರೆ ಯಾರೂ ನಂಬುವುದಿಲ್ಲ. ಅದನ್ನು ಅಖಿಲ ಭಾರತ ಟ್ರಯಲ್‌ಗೆ ಕಳಿಸಬೇಕು. ಅಲ್ಲಿ ಅದಕ್ಕೆ ಒಂದು ಐಇಟಿ (ಮೊದಲ ಹಂತದ ಪರೀಕ್ಷೆಯ) ನಂಬರ್ ಕೊಡುತ್ತಾರೆ. ಬೇರೆ ರಾಜ್ಯದ ಕೇಂದ್ರಗಳಲ್ಲಿ ನಾಟಿ ಮಾಡುವವರಿಗೆ ಇದು ಯಾರ ತಳಿ ಅಂತ ಗೊತ್ತಾಗದ ಹಾಗೆ ಕೋಡ್ ಹಾಕಿ ಹೋಗುತ್ತದೆ. ಹಲವು ವರ್ಷ, ಹಲವು ಜಾಗ. ಪ್ರತಿ ಜಾಗದಲ್ಲೂ ಮಡಿಗಳನ್ನು ಚೀಟಿ ಎತ್ತಿದ ಹಾಗೆ ಹಂಚುತ್ತಾರೆ, ಒಂದೇ ತಳಿಗೆ ಒಳ್ಳೆಯ ಮಣ್ಣು ಸಿಗಬಾರದು ಅಂತ. ತಳಿ ಮಾಡಿದವರ ಆಸೆಗೆ ಅಲ್ಲಿ ಜಾಗ ಇಲ್ಲ.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್ ಅಂದರೆ ನಮಗೆ ಹೆಮ್ಮೆ. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕ್ರಾಸ್ ಮಾಡಿ ಇಂಡಾಫ್ ತಳಿ ಕೊಟ್ಟರು. ಇಂಡಿಯಾ, ಆಫ್ರಿಕಾ ಸೇರಿ ಇಂಡಾಫ್. ಮಹದೇವಪ್ಪನವರು ಹೈಬ್ರಿಡ್ ಭತ್ತ ಕೊಟ್ಟರು, ಕೆಆರ್‌ಎಚ್-2 ಗೊತ್ತಿರಬೇಕು ನಿಮಗೆ. ಹೆಸರು ಒಬ್ಬೊಬ್ಬರದು ಬರುತ್ತದೆ. ಆದರೆ ಮಡಿಯಲ್ಲಿ ಬಗ್ಗಿ ಲೇಬಲ್ ಕಟ್ಟಿದವರು, ತೆನೆ ಎಣಿಸಿದವರು ಎಷ್ಟು ಜನ! ಒಂದು ಲೇಬಲ್ ಅದಲು ಬದಲು ಆದರೆ ಆ ವರ್ಷ ಹೋಯಿತು.

ಒಂದು ನೆನಪು ಹೇಳುತ್ತೇನೆ. ಒಬ್ಬ ರೈತರ ಗದ್ದೆಯಲ್ಲಿ ಪ್ರದರ್ಶನ ಇಟ್ಟಿದ್ದೆವು. ಅರ್ಧ ಗದ್ದೆ ಹೊಸ ತಳಿ, ಅರ್ಧ ಹಳೆ ತಳಿ. ಕುಯ್ಲಿನ ದಿನ ಆರು ಜನ ಇದ್ದೆವು, ಇಬ್ಬರು ಪದವೀಧರರು. ಬೆಳಿಗ್ಗೆ ಹೊಸ ತಳಿ ಬಡಿದು ತೂಕ ಹಾಕಿದೆವು. ಮಧ್ಯಾಹ್ನ ಊಟ ಮಾಡಿ ಹಳೆಯದು. ಹೊಸ ತಳಿ ಜಾಸ್ತಿ ಬಂತು, ಎಲ್ಲರಿಗೂ ಖುಷಿ. ಮೂಟೆ ಹೊರುತ್ತಿದ್ದ ಹೆಂಗಸು ಸುಮ್ಮನೆ ನಿಂತು ನೋಡಿ ಹೇಳಿದರು: "ಬೆಳಗಿನ ಮೂಟೆ ಬೆನ್ನಿಗೆ ತಣ್ಣಗೆ ಹತ್ತುತ್ತಿತ್ತು ಸ್ವಾಮಿ, ಮಧ್ಯಾಹ್ನದ್ದು ಬೆಚ್ಚಗಿದೆ. ಅದು ಮಂಜಿನ ತೂಕ."

ತೇವ ಅಳೆಯುವ ಮೀಟರ್ ಜೀಪಿನಲ್ಲೇ ಇತ್ತು. ಯಾರೂ ತೆಗೆದಿರಲಿಲ್ಲ. ಭತ್ತದ ತೂಕವನ್ನು 14 ಪರ್ಸೆಂಟ್ ತೇವಕ್ಕೆ ಇಳಿಸಿ ಬರೆಯಬೇಕು. 20 ಪರ್ಸೆಂಟ್ ತೇವ ಇರುವ 100 ಕೆಜಿ ಭತ್ತ 14ಕ್ಕೆ ಇಳಿಸಿದರೆ 93 ಕೆಜಿ ಮಾತ್ರ. ಆ ಏಳು ಕೆಜಿಯಲ್ಲೇ ನಮ್ಮ ಖುಷಿ ಎಲ್ಲ ಇತ್ತು. ಆ ತಾಯಿ ಹೇಳದಿದ್ದರೆ ನಾವು ಹಾಗೇ ಬರೆದುಬಿಡುತ್ತಿದ್ದೆವು. ಅವರ ಹೆಸರು ವರದಿಯಲ್ಲಿ ಬರಲಿಲ್ಲ, ಅದು ನನಗೆ ಇವತ್ತಿಗೂ ಬೇಜಾರು.

ಸಿಸ್ಟರ್_ನೈಟ್‌ಶಿಫ್ಟ್ · 7:05

ಭತ್ತದ ಮಡಿ ಸರ್, ಓದಿ ಕಣ್ಣು ತುಂಬಿತು.

ನಾನು ಮೈಸೂರಿನಲ್ಲಿ ನರ್ಸ್. ಸಂಶೋಧನೆ ಗೊತ್ತಿಲ್ಲ, ಆದರೆ ಇಬ್ಬರು ನೋಡುವುದು ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಇನ್ಸುಲಿನ್, ಹೆಪಾರಿನ್ ಥರದ ಔಷಧಿಗೆ ಇಬ್ಬರು ಚೆಕ್ ಮಾಡಬೇಕು. ರಾತ್ರಿ ಮೂರು ಗಂಟೆಗೆ ಪಾಳಿಯಲ್ಲಿ ಹೇಗೆ ನಡೆಯುತ್ತದೆ ಗೊತ್ತಾ? ಒಬ್ಬರು ಸಿರಿಂಜ್ ಎತ್ತಿ ತೋರಿಸುತ್ತಾರೆ, "ಹತ್ತು ಯೂನಿಟ್, ಅಲ್ವಾ?" ಅನ್ನುತ್ತಾರೆ. ಇನ್ನೊಬ್ಬರು "ಹೂಂ" ಅನ್ನುತ್ತಾರೆ. ಎರಡು ಸಹಿ ಬೀಳುತ್ತದೆ. ಅದು ಒಂದೇ ಚೆಕ್, ಎರಡಲ್ಲ. ಸರಿಯಾದ ರೀತಿ ಅಂದರೆ ಎರಡನೆಯವರು ಮೊದಲನೆಯವರ ಉತ್ತರ ಕೇಳದೆ ತಾವೇ ಕೇಸ್‌ಶೀಟ್ ನೋಡಿ ಲೆಕ್ಕ ಹಾಕಬೇಕು, ಆಮೇಲೆ ಎರಡನ್ನೂ ಹೋಲಿಸಬೇಕು.

ನಮ್ಮ ಟ್ರೈನಿಂಗ್‌ನಲ್ಲಿ ಸಂಶೋಧಕಿ ಆಮಿ ಎಡ್ಮಂಡ್ಸನ್ ಅವರ ಅಧ್ಯಯನದ ಬಗ್ಗೆ ಹೇಳಿದ್ದರು. 1990ರ ದಶಕದ್ದು. ಒಳ್ಳೆಯ ಟೀಮ್ ಇರುವ ವಾರ್ಡ್‌ಗಳಲ್ಲಿ ಔಷಧಿಯ ತಪ್ಪು ಕಡಿಮೆ ಇರಬೇಕು ಅಂತ ನೋಡಲು ಹೋದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ಟೀಮ್‌ನಲ್ಲೇ ತಪ್ಪು ಜಾಸ್ತಿ ದಾಖಲಾಗಿತ್ತು! ಆಮೇಲೆ ಅರ್ಥ ಆಯಿತು. ಅಲ್ಲಿ ತಪ್ಪು ಜಾಸ್ತಿ ನಡೆಯುತ್ತಿರಲಿಲ್ಲ, ಹೇಳಿಕೊಳ್ಳುವುದು ಜಾಸ್ತಿ ಇತ್ತು. ಉಳಿದ ಕಡೆ ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಿದ್ದರು.

ನಿಮ್ಮ ಲ್ಯಾಬ್‌ನಲ್ಲಿ ಆ ಮಂಡ್ಯದ ಹುಡುಗಿ ಬಂದು ಕೇಳಿದಳಲ್ಲ, ಅಲ್ಲಿ ಇನ್ನೂ ಆ ಗಾಳಿ ಇದೆ ಅಂತ ಅರ್ಥ. ಅವಳನ್ನು ಕಾಪಾಡಿ.

ಹೆಬ್ಬಾಳ_ಇಂಡಸ್ಟ್ರಿ · 8:30

ಪ್ರಾಕ್ಟಿಕಲ್ ಆಗಿ ಯೋಚನೆ ಮಾಡಿ. ನಾಲ್ಕನೇ ವರ್ಷ. ಗೈಡ್ ಕೋಪ ಮಾಡಿಕೊಂಡರೆ ಥೀಸಿಸ್ ನಿಂತುಹೋಗುತ್ತದೆ. ಪೇಪರ್ ಇಲ್ಲದಿದ್ದರೆ ಯುಜಿಸಿ ಪಿಎಚ್‌ಡಿ ಕೊಡುವುದೇ ಇಲ್ಲ. 18 ಪರ್ಸೆಂಟ್‌ನಿಂದ ಯಾರ ಜೀವವೂ ಹೋಗುವುದಿಲ್ಲ. ಮೊದಲು ಡಿಗ್ರಿ ತಗೊಳ್ಳಿ, ಆಮೇಲೆ ಸರಿ ಮಾಡಿ. ನಿಮ್ಮ ಮೇಲಿನ ಕಾಳಜಿಯಿಂದಲೇ ಹೇಳುತ್ತಿದ್ದೇನೆ.

ರಿಜಿಸ್ಟ್ರಾರ್_ಕ್ಯೂ · 8:41

ತಿದ್ದುಪಡಿ: ಪೇಪರ್ ಕಡ್ಡಾಯ ಅನ್ನುವ ನಿಯಮವನ್ನು ಯುಜಿಸಿ 2022ರಲ್ಲೇ ತೆಗೆದಿದೆ. ವಿಶ್ವವಿದ್ಯಾಲಯಗಳು ತಾವಾಗಿ ಕೇಳಬಹುದು, ಅದು ಬೇರೆ. ನಿಮ್ಮ ವಿಶ್ವವಿದ್ಯಾಲಯದ ನಿಯಮ ತೆಗೆದು ನೋಡಿ.

ಭತ್ತದ_ಮಡಿ · 8:50

@ಹೆಬ್ಬಾಳ_ಇಂಡಸ್ಟ್ರಿ ಒಪ್ಪಲ್ಲ ಕಣ್ರೀ. ಆ ನಂಬರ್ ನೋಡಿ ಯಾರೋ ಪುಡಿ ಮಾಡುವವರು, ಯಾರೋ ಡಯಟೀಶಿಯನ್ನು ನಾಳೆ ಏನೋ ತೀರ್ಮಾನ ಮಾಡುತ್ತಾರೆ. ಇನ್ನೊಬ್ಬ ವಿದ್ಯಾರ್ಥಿ ಅದರ ಮೇಲೆ ಮೂರು ವರ್ಷ ಕಟ್ಟುತ್ತಾನೆ. ಅವನ ಮೂರು ವರ್ಷಕ್ಕೆ ಬೆಲೆ ಇಲ್ಲವಾ?

ಹೆಬ್ಬಾಳ_ಇಂಡಸ್ಟ್ರಿ · 8:57

ಇದೆ ಸರ್. ಆದರೆ ಬೆಲೆ ತೆರುವವಳು ಇವಳೊಬ್ಬಳೇ ಆಗುತ್ತಾಳೆ. ಉಳಿದ ಆರು ಜನ ಪಕ್ಕಕ್ಕೆ ಸರಿಯುತ್ತಾರೆ. ಹಾಗೆ ಆದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಅಂಕಿಅಂಶ_ಮೇಡಂ · 9:30

ಹೆಬ್ಬಾಳದವರ ಭಯ ಸುಳ್ಳಲ್ಲ. ಆದರೆ ಕಿರಿಯರು ಬಾಯಿ ಬಿಟ್ಟಿದ್ದರಿಂದಲೇ ಎಷ್ಟೋ ದೊಡ್ಡ ತಪ್ಪು ಹೊರಗೆ ಬಂದಿದೆ. ನಾನು ಪಾಠ ಮಾಡುವಾಗ ಎರಡು ಉದಾಹರಣೆ ಹೇಳುತ್ತೇನೆ.

ಒಂದು ರೈನ್‌ಹಾರ್ಟ್ ಮತ್ತು ರೋಗಾಫ್ ಅವರದು, 2010ರದು. ಇಬ್ಬರೂ ಹೆಸರಾಂತ ಅರ್ಥಶಾಸ್ತ್ರಜ್ಞರು. ದೇಶದ ಸಾಲ ಜಿಡಿಪಿಯ 90 ಪರ್ಸೆಂಟ್ ದಾಟಿದರೆ ಬೆಳವಣಿಗೆ ಸರಾಸರಿ ಮೈನಸ್ 0.1ಕ್ಕೆ ಬೀಳುತ್ತದೆ ಅಂದರು. 2013ರಲ್ಲಿ ಥಾಮಸ್ ಹರ್ನ್‌ಡನ್ ಅನ್ನುವ ವಿದ್ಯಾರ್ಥಿ ಕ್ಲಾಸಿನ ಹೋಮ್‌ವರ್ಕ್‌ಗಾಗಿ ಅದನ್ನೇ ಲೆಕ್ಕ ಮಾಡಲು ಹೋದ. ಎಷ್ಟು ಮಾಡಿದರೂ ಬರಲಿಲ್ಲ. ಕೇಳಿದಾಗ ಅವರು ಎಕ್ಸೆಲ್ ಶೀಟ್ ಕಳಿಸಿಕೊಟ್ಟರು. ಸರಾಸರಿ ತೆಗೆಯುವಾಗ ಐದು ದೇಶಗಳ ಸಾಲು ಬಿಟ್ಟುಹೋಗಿತ್ತು. ಇನ್ನೂ ಕೆಲವು ಆಯ್ಕೆಗಳಲ್ಲಿ ತೊಂದರೆ ಇತ್ತು. ಎಲ್ಲ ಸರಿಮಾಡಿದಾಗ ಅವನಿಗೆ 2.2 ಬಂತು. ಶೀಟ್ ಕೊಟ್ಟರಲ್ಲ, ಅದು ಅವರ ದೊಡ್ಡ ಗುಣ.

ಇನ್ನೊಂದು ನೆದರ್‌ಲ್ಯಾಂಡ್ಸ್‌ನ ಡೀಡೆರಿಕ್ ಸ್ಟಾಪೆಲ್. ಮನಶ್ಶಾಸ್ತ್ರದ ದೊಡ್ಡ ಪ್ರೊಫೆಸರ್. ಡೇಟಾ ನಾನೇ ತರುತ್ತೇನೆ ಅನ್ನುತ್ತಿದ್ದರು, ವಿದ್ಯಾರ್ಥಿಗಳಿಗೆ ತಯಾರಾದ ಫೈಲ್ ಕೊಡುತ್ತಿದ್ದರು. ಜೊತೆಯಲ್ಲಿ ಬರೆದವರು ಎಷ್ಟೋ ಜನ, ಮೂಲ ಉತ್ತರಪತ್ರಿಕೆ ಕಂಡವರಿಲ್ಲ. ಎಲ್ಲ ಕಟ್ಟಿದ ಡೇಟಾ. 2011ರಲ್ಲಿ ಅದನ್ನು ಹೊರಗೆ ತಂದದ್ದು ಅದೇ ವಿಭಾಗದ ಮೂವರು ಕಿರಿಯ ಸಂಶೋಧಕರು. ಕೊನೆಗೆ 58 ಪೇಪರ್ ವಾಪಸ್ ಪಡೆದರು. ಮೂವರೂ ಒಟ್ಟಿಗೆ ಹೋದದ್ದನ್ನು ಗಮನಿಸಿ. ಕುಕ್ಕರಹಳ್ಳಿ ಅವರೇ, ನೀವೂ ಒಬ್ಬರೇ ಹೋಗಬೇಡಿ. ನಿಮ್ಮದು ಕಳ್ಳತನ ಅಲ್ಲ, ಮರೆವು. ಏಳು ಜನರಲ್ಲಿ ಒಬ್ಬಿಬ್ಬರನ್ನಾದರೂ ಜೊತೆ ಮಾಡಿಕೊಳ್ಳಿ. ಎರಡೂ ಕರ್ವ್ ಪ್ರಿಂಟ್ ತೆಗೆದು ಟೇಬಲ್ ಮೇಲಿಡಿ.

ದೇವರಾಜ_ಮಾರ್ಕೆಟ್ · 9:48

ಕ್ಷಮಿಸಿ, ಮಧ್ಯದಲ್ಲಿ ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ಮಗುವಿಗೆ ರಾಗಿ ಸರಿ ಕೊಡುತ್ತೇವೆ, ಮೊಳಕೆ ಕಟ್ಟಿದ್ದು. ನಿಲ್ಲಿಸಬೇಕಾ?

ಕುಕ್ಕರಹಳ್ಳಿ_ವಾಕ್ · 9:55

ಅಯ್ಯೋ, ಖಂಡಿತ ಬೇಡ! ನಮ್ಮ ತಪ್ಪು "ಎಷ್ಟು ಇಳಿಯುತ್ತದೆ" ಅನ್ನುವುದರಲ್ಲಿ. ಮೊಳಕೆ ಕಟ್ಟುವುದು ಒಳ್ಳೆಯದೇ. ರಾಗಿ ಪಾಲಿಫಿನಾಲ್ ಹೆಚ್ಚಾಗಿ ಸಿಪ್ಪೆಯಲ್ಲಿ ಇರುತ್ತದೆ, ಕಬ್ಬಿಣದ ಅಂಶ ಮೈಗೆ ಹತ್ತಲು ಅದು ಸ್ವಲ್ಪ ಅಡ್ಡ ಬರುತ್ತದೆ. ಮೊಳಕೆ ಕಟ್ಟಿದರೆ ಆ ಅಡ್ಡಿ ಕಡಿಮೆ. ಅಜ್ಜಿಯಂದಿರು ಮಾಡಿಕೊಂಡು ಬಂದದ್ದು ಸರಿಯಾಗೇ ಇದೆ.

ಬಾಬಾರಾಯನಕೊಪ್ಪಲು · 10:02

ನಮ್ಮ ಮನೆಯಲ್ಲಿ ಮೊಳಕೆ ಕಟ್ಟಿದ ರಾಗಿಯನ್ನು ನೆರಳಲ್ಲೇ ಒಣಗಿಸುತ್ತೇವೆ. ಬಿಸಿಲಿಗೆ ಹಾಕಿದರೆ ಘಮ ಹೋಗುತ್ತದೆ ಅಂತ ಅಮ್ಮ.

ದೇವರಾಜ_ಮಾರ್ಕೆಟ್ · 10:04

ತುಂಬಾ ಥ್ಯಾಂಕ್ಸ್ ಇಬ್ಬರಿಗೂ.

ಗಂಗೋತ್ರಿ_ಹಳಬ · 11:20

ಗುಂಪಿನಲ್ಲಿ ಎಲ್ಲರಿಗೂ "ಕಂಡದ್ದು" ನಿಜ ಅಂತಲೂ ಹೇಳಲಾಗದು. ಎನ್-ಕಿರಣದ ಕಥೆ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. 1903ರಲ್ಲಿ ಫ್ರಾನ್ಸಿನ ನಾನ್ಸಿ ಊರಿನ ಬ್ಲಾಂಡ್ಲೋ ಹೊಸ ಕಿರಣ ಕಂಡೆ ಅಂದರು. ಕತ್ತಲೆ ಕೋಣೆಯಲ್ಲಿ ಒಂದು ಮಸುಕು ಬೆಳಕು ತುಸು ಹೆಚ್ಚಾಗುವುದೇ ಸಾಕ್ಷಿ. ಅವರ ಸಹಾಯಕರಿಗೂ ಕಂಡಿತು. ಬೇರೆ ವಿಜ್ಞಾನಿಗಳಿಗೂ ಕಂಡಿತು, ಪೇಪರ್‌ಗಳ ಮೇಲೆ ಪೇಪರ್ ಬಂತು. 1904ರಲ್ಲಿ ಅಮೆರಿಕದ ರಾಬರ್ಟ್ ವುಡ್ ಅಲ್ಲಿಗೆ ಹೋದರು. ಕತ್ತಲಲ್ಲಿ ಯಾರಿಗೂ ಗೊತ್ತಾಗದಂತೆ ಯಂತ್ರದ ಪಟ್ಟಕವನ್ನೇ (ಪ್ರಿಸಂ) ತೆಗೆದು ಜೇಬಿಗೆ ಹಾಕಿಕೊಂಡರು. ಆಗಲೂ ಬ್ಲಾಂಡ್ಲೋ ಅದೇ ಅಳತೆಗಳನ್ನು ಓದಿ ಹೇಳುತ್ತಿದ್ದರು. ಮೋಸ ಮಾಡುವ ಮನಸ್ಸು ಯಾರಿಗೂ ಇರಲಿಲ್ಲ. ಗುರುಗಳಿಗೆ ಕಂಡದ್ದು ಶಿಷ್ಯರಿಗೂ ಕಾಣಬೇಕಿತ್ತು, ಕಂಡಿತು.

ನಮ್ಮಲ್ಲಿ ಗುರುಗಳ ಮೇಲಿನ ಗೌರವ ಬಹಳ ದೊಡ್ಡದು. ಅದು ಇರಲಿ. ಆದರೆ ಕಾಲಿಗೆ ನಮಸ್ಕಾರ ಮಾಡಿ ಎದ್ದು "ಸರ್, ಈ ಟೇಬಲ್‌ನ ಎರಡನೇ ಸಾಲು ತಪ್ಪಿದೆ" ಅನ್ನಲೂ ಆಗಬೇಕು.

ಬಲಮುರಿ_ಫಿಸಿಕ್ಸ್ · 11:34

ಹಳಬರೇ, ಕಥೆ ಚೆನ್ನಾಗಿದೆ. ಅದಕ್ಕೇ ನಮ್ಮಲ್ಲಿ ಕಣ್ಣು ಕಟ್ಟಿ ಲೆಕ್ಕ ಮಾಡುವ ಪದ್ಧತಿ ಬಂತು. ಉತ್ತರ ಎಷ್ಟು ಬರುತ್ತಿದೆ ಅಂತ ಕಾಣದ ಹಾಗೆ ಡೇಟಾಕ್ಕೆ ಒಂದು ಗುಟ್ಟಿನ ಸಂಖ್ಯೆ ಸೇರಿಸಿಡುತ್ತಾರೆ. ವಿಧಾನ ಎಲ್ಲ ಒಪ್ಪಿದ ಮೇಲೆ ಅದನ್ನು ತೆಗೆಯುತ್ತಾರೆ. ಆಮೇಲೆ ಬಂದದ್ದೇ ಉತ್ತರ. ಇಷ್ಟ ಆಗಲಿಲ್ಲ ಅಂತ ವಿಧಾನ ಬದಲಿಸುವ ಹಾಗಿಲ್ಲ.

ಜಯಲಕ್ಷ್ಮೀಪುರಂ_ಓದುಗ · 12:10

ಗುರು ಶಿಷ್ಯರ ವಿಷಯ ಬಂತು, ರಾಮನ್ ಮತ್ತು ಕೃಷ್ಣನ್ ಬಗ್ಗೆ ಏನು ಹೇಳುತ್ತೀರಿ? 1928ರಲ್ಲಿ ರಾಮನ್ ಪರಿಣಾಮದ ಬಗ್ಗೆ ನೇಚರ್ ಪತ್ರಿಕೆಗೆ ಹೋದ ಟಿಪ್ಪಣಿಯಲ್ಲಿ ಇಬ್ಬರ ಹೆಸರೂ ಇದೆ. 1930ರ ನೊಬೆಲ್ ರಾಮನ್ ಅವರಿಗೆ ಮಾತ್ರ.

ಗಂಗೋತ್ರಿ_ಹಳಬ · 12:25

ಪ್ರಶ್ನೆ ಕೇಳಿ ಯೋಚನೆ ಮಾಡಿದ್ದು, ತಂಡ ಕಟ್ಟಿದ್ದು ರಾಮನ್. ದಿನಗಟ್ಟಲೆ ಕೂತು ನೋಡಿದ್ದು ಕೃಷ್ಣನ್. ನೊಬೆಲ್ ಸಮಿತಿಯ ತೀರ್ಮಾನಕ್ಕೆ ನಾವೇನು ಮಾಡೋಣ? ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಬರುತ್ತೇನೆ.

ಅಂಕಿಅಂಶ_ಮೇಡಂ · 12:40

ಹೆಸರಿನ ವಿಷಯ ಇಲ್ಲಿಗೂ ಸಂಬಂಧಪಟ್ಟದ್ದೇ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಒಕ್ಕೂಟ ಲೇಖಕ ಅನ್ನಿಸಿಕೊಳ್ಳಲು ನಾಲ್ಕು ಷರತ್ತು ಇಟ್ಟಿದೆ. ನಾಲ್ಕನೆಯದು: ಪೂರ್ತಿ ಕೆಲಸಕ್ಕೆ ಜವಾಬ್ದಾರಿ ಹೊರಬೇಕು. ಇನ್ನು ಕ್ರೆಡಿಟ್ ಅಂತ ಒಂದು ಪಟ್ಟಿ ಇದೆ, 14 ಪಾತ್ರಗಳು. ಯಾರು ಯೋಚನೆ ಮಾಡಿದರು, ಯಾರು ಡೇಟಾ ತಂದರು, ಯಾರು ಬರೆದರು ಅಂತ ಬೇರೆ ಬೇರೆ ಹಾಕಬಹುದು. ಅದರಲ್ಲಿ ವ್ಯಾಲಿಡೇಶನ್ ಅನ್ನುವುದೂ ಒಂದು, ಅಂದರೆ ಮತ್ತೆ ಮಾಡಿ ನೋಡಿದವರು. ಪೇಪರ್ ಕಳಿಸುವಾಗ ಆ ಜಾಗದಲ್ಲಿ ಯಾರ ಹೆಸರು ಬರೆಯುವುದು ಅಂತ ಪ್ರಾಮಾಣಿಕವಾಗಿ ಕೇಳಿಕೊಂಡರೆ ಎಷ್ಟೋ ಗುಂಪುಗಳಿಗೆ ಉತ್ತರ ಸಿಗುವುದಿಲ್ಲ.

2020ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಏನಾಯ್ತು ನೆನಪಿದೆಯಾ? ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಬಗ್ಗೆ, 96,000 ರೋಗಿಗಳ ಡೇಟಾ ಅಂತ. ಮೇ 22ಕ್ಕೆ ಬಂತು, ಜೂನ್ 4ಕ್ಕೆ ವಾಪಸ್ ಹೋಯಿತು. ನಾಲ್ವರು ಲೇಖಕರು. ಡೇಟಾ ಇದ್ದದ್ದು ಅವರಲ್ಲಿ ಒಬ್ಬರ ಕಂಪನಿಯಲ್ಲಿ. ಪರೀಕ್ಷೆಗೆ ಪೂರ್ತಿ ಡೇಟಾ ಕೊಡುವುದಿಲ್ಲ ಅಂತ ಕಂಪನಿ ಹೇಳಿದ ಮೇಲೆ ಉಳಿದ ಮೂವರು ವಾಪಸ್ ತಗೊಂಡರು. ಹೆಸರು ಹಾಕುವ ಮೊದಲೇ ಕೇಳಬೇಕಿತ್ತು.

ಕೆಆರ್‌ಎಸ್_ಬ್ಯಾಕ್‌ವಾಟರ್ · 2:15

ಹಾಗಾದರೆ ಸಣ್ಣ ಗುಂಪು ಒಳ್ಳೆಯದಾ? 2019ರಲ್ಲಿ ನೇಚರ್‌ನಲ್ಲಿ ಒಂದು ಬಂದಿತ್ತು. ಪೇಪರ್, ಪೇಟೆಂಟ್, ಸಾಫ್ಟ್‌ವೇರ್ ಎಲ್ಲ ಸೇರಿ ಆರೂವರೆ ಕೋಟಿಗೂ ಹೆಚ್ಚು ತೆಗೆದು ನೋಡಿದ್ದರು. ಸಣ್ಣ ಗುಂಪುಗಳು ಹೊಸ ದಾರಿ ತೆರೆಯುತ್ತವೆ, ದೊಡ್ಡವು ಇರುವ ದಾರಿಯನ್ನು ಬೆಳೆಸುತ್ತವೆ ಅಂತ.

ಅಂಕಿಅಂಶ_ಮೇಡಂ · 2:28

ಅದು ಹೊಸತನದ ಬಗ್ಗೆ. ಫಲಿತಾಂಶ ಸರಿಯಾ ತಪ್ಪಾ ಅನ್ನುವುದು ಬೇರೆ ಪ್ರಶ್ನೆ, ಎರಡನ್ನೂ ಬೆರೆಸಬಾರದು.

ನಮ್ಮ ಪ್ರಶ್ನೆಗೆ ಹತ್ತಿರದ್ದು ಇನ್ನೊಂದು ಇದೆ, 2018ರದು. ಒಂದೇ ಡೇಟಾವನ್ನು 29 ಗುಂಪುಗಳಿಗೆ ಕೊಟ್ಟರು. ಪ್ರಶ್ನೆಯೂ ಒಂದೇ: ಫುಟ್‌ಬಾಲ್ ರೆಫ್ರಿಗಳು ಕಪ್ಪು ಮೈಬಣ್ಣದ ಆಟಗಾರರಿಗೆ ಜಾಸ್ತಿ ರೆಡ್ ಕಾರ್ಡ್ ಕೊಡುತ್ತಾರಾ? 20 ಗುಂಪು ಹೌದು ಅಂದವು, 9 ಗುಂಪಿಗೆ ಸಾಕಷ್ಟು ಸಾಕ್ಷಿ ಸಿಗಲಿಲ್ಲ. ಎಲ್ಲರೂ ಬಲ್ಲವರೇ, ಯಾರೂ ಮೋಸ ಮಾಡಲಿಲ್ಲ. ಲೆಕ್ಕದ ದಾರಿ ಬೇರೆ ಬೇರೆ, ಅಷ್ಟೇ. ಮಾಮೂಲಿಯಾಗಿ ನಮಗೆ ಕಾಣುವುದು ಆ 29ರಲ್ಲಿ ಯಾವುದೋ ಒಂದು ಗುಂಪಿನ ಪೇಪರ್ ಮಾತ್ರ.

ಒಂಟಿಕೊಪ್ಪಲು_ಹುಡುಗ · 4:10

ಅಪ್‌ಡೇಟ್. ನಮ್ಮ ಶೀಟ್ ನೋಡಿದೆ. ನಮ್ಮದರಲ್ಲೂ ಸ್ಲೋಪ್ ಟೈಪ್ ಮಾಡಿದ್ದೇ. ಆದರೆ ಪಕ್ಕದಲ್ಲಿ ತಾರೀಕು ಇದೆ, ಎರಡು ವಾರದ ಹಿಂದಿನದು. ಸಮಾಧಾನ ಆಯ್ತು. ಇವತ್ತಿಂದ ಬಾಟಲಿ ನಂಬರ್ ಕೂಡ ಬರೆಯಲು ಶುರು ಮಾಡಿದೆವು.

ಹೆಬ್ಬಾಳ_ಇಂಡಸ್ಟ್ರಿ · 5:40

ಬೆಳಿಗ್ಗೆ ನಾನು ಹೇಳಿದ್ದರ ಬಗ್ಗೆ ದಿನವಿಡೀ ಯೋಚನೆ ಮಾಡಿದೆ. ನಮ್ಮ ಕ್ವಾಲಿಟಿ ಲ್ಯಾಬ್‌ನಲ್ಲಿ ಹಳೆಯ ಸ್ಟ್ಯಾಂಡರ್ಡ್ ಇಟ್ಟು ಒಂದು ಬ್ಯಾಚ್ ಪಾಸ್ ಮಾಡಿದರೆ ನಾನೇ ಆ ಬ್ಯಾಚ್ ನಿಲ್ಲಿಸುತ್ತೇನೆ. ಅಲ್ಲಿ ಒಂದು ನ್ಯಾಯ, ಇಲ್ಲಿ ಒಂದು ನ್ಯಾಯ ಹೇಳಿದೆ. ನನ್ನ ಮಾತು ವಾಪಸ್ ತಗೊಳ್ಳುತ್ತೇನೆ. ಭಯ ಮಾತ್ರ ಇನ್ನೂ ಇದೆ. ಮೇಡಂ ಹೇಳಿದ ಹಾಗೆ ಒಬ್ಬರೇ ಹೋಗಬೇಡಿ.

ಕುಕ್ಕರಹಳ್ಳಿ_ವಾಕ್ · ಗುರುವಾರ ರಾತ್ರಿ 8:15

ಎಲ್ಲರಿಗೂ ಋಣಿ. ಏನಾಯ್ತು ಅಂತ ಹೇಳುತ್ತೇನೆ.

ಮಂಗಳವಾರ ನಾನು, ಮಂಡ್ಯದ ಹುಡುಗಿ, ಇನ್ನೊಬ್ಬ ಸ್ಕಾಲರ್ ಮೂವರೂ ಗೈಡ್ ಹತ್ತಿರ ಹೋದೆವು. ಎರಡು ಕರ್ವ್ ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆದು ಇಟ್ಟೆವು. ಗೈಡ್ ಮೇಡಂ ಬಹಳ ಹೊತ್ತು ಮಾತಾಡಲಿಲ್ಲ. ಮೊದಲು ಕೋಪ ಬಂತು, ನಾಲ್ಕು ವರ್ಷದಿಂದ ಏನು ಮಾಡುತ್ತಿದ್ದಿರಿ ಅಂದರು. ಆಮೇಲೆ ಹಾಳೆಯನ್ನು ಹತ್ತಿರ ಎಳೆದುಕೊಂಡು ಕೇಳಿದರು: "ಹಿಟ್ಟು ಇದೆಯಾ?"

ಹಿಟ್ಟು ಇದೆ. ಹಸಿ ರಾಗಿದೂ ಮಾಲ್ಟ್‌ದೂ ಎರಡೂ ಕೋಲ್ಡ್ ರೂಮಿನಲ್ಲಿ ಕವರ್ ಹಾಕಿ ಇಟ್ಟಿದ್ದೆವು. ಭತ್ತದ ಮಡಿ ಸರ್ ಹೇಳಿದ ರೀತಿಯಲ್ಲೇ ಮಾಡಿದೆವು. ಪಕ್ಕದ ಲ್ಯಾಬ್‌ನ ಒಬ್ಬರು ಪೊಟ್ಟಣಗಳಿಗೆ ಬರೀ ನಂಬರ್ ಹಾಕಿ ಕೊಟ್ಟರು. ಯಾವುದು ಹಸಿ, ಯಾವುದು ಮಾಲ್ಟ್ ಅಂತ ಬರೆದ ಚೀಟಿ ಅವರ ಬೀರುವಿನಲ್ಲಿದೆ. ಹೊಸ ರಿಯೇಜೆಂಟ್ ಬಂತು. ದಿನಾ ಎರಡನ್ನೂ ಆ ದಿನದ ಒಂದೇ ಕರ್ವ್ ಮೇಲೆ ಅಳೆಯುತ್ತಿದ್ದೇವೆ. ಸಿಸ್ಟರ್ ಹೇಳಿದ ಹಾಗೆ ಲೆಕ್ಕವನ್ನು ಇಬ್ಬರು ಬೇರೆ ಬೇರೆ ಕೂತು ಮಾಡುತ್ತೇವೆ. ಪತ್ರಿಕೆಗೆ ತಿದ್ದುಪಡಿ ಬರುತ್ತಿದೆ ಅಂತ ಮೇಡಂ ತಾವೇ ಮೇಲ್ ಹಾಕಿದರು. ಏಳು ಜನಕ್ಕೂ ಕಾಪಿ ಹೋಯಿತು.

ತಿದ್ದುಪಡಿಯಲ್ಲಿ ಆ ಹುಡುಗಿಗೆ ಹೆಸರು ಹಾಕಿ ಧನ್ಯವಾದ ಹೇಳಬೇಕು ಅಂತ ನಾನು ಕೇಳಿದೆ. ಮೇಡಂ ಒಪ್ಪಿದರು.

40 ಟ್ಯೂಬ್‌ಗಳಲ್ಲಿ ಇವತ್ತು 18 ಆಯಿತು. ಚೀಟಿ ಇನ್ನೂ ತೆಗೆದಿಲ್ಲ. ಉಳಿದದ್ದು ನಾಳೆ.

ಭತ್ತದ_ಮಡಿ · 8:22

ಒಳ್ಳೆಯದಾಗಲಿ. ನಾಳೆಯೂ ಮೊದಲು ಸ್ಟ್ಯಾಂಡರ್ಡ್ ಹಾಕಿ. ಇವತ್ತಿನ ಕರ್ವ್ ನಾಳೆಗೆ ಬೇಡ.

ಕುಕ್ಕರಹಳ್ಳಿ_ವಾಕ್ · 8:24

ಹಾಕುತ್ತೇವೆ ಸರ್. ಗ್ಯಾಲಿಕ್ ಆಸಿಡ್ ತೂಗಿಟ್ಟೇ ಬಂದೆವು.